ಹೆಸರಿನ ಪಟ್ಟಿ ಪಕ್ಕಕ್ಕಿಡಿ, ಇಪ್ಪತ್ತು ಚೌಕ ಬರೆಯಿರಿ

ಪ್ರಶ್ನೆ: ಸರ್, ಐಪಿಎಲ್ ಶುರುವಾಗುವ ಮುಂಚೆ ಪ್ರತಿ ವರ್ಷ ನಮ್ಮ ಮನೆಯಲ್ಲಿ ಒಂದು ಸುತ್ತು ಜಗಳ ಆಗುತ್ತದೆ. ತಂಡಗಳ ಪಟ್ಟಿ ನೋಡಿ ನಾನೂ ನನ್ನ ತಮ್ಮನೂ ‘ಈ ಸಲ ಕಪ್ ನಮ್ದೇ’ ಅನ್ನುತ್ತೇವೆ. ನಮ್ಮ ಮಾವನವರು ಮಾತ್ರ ‘ಹೆಸರು ತಿಂದರೆ ಹೊಟ್ಟೆ ತುಂಬಲ್ಲ ಕಣಮ್ಮ’ ಎಂದು ನಗುತ್ತಾರೆ. ನಮ್ಮ ಬೆಂಗಳೂರು ತಂಡ ಆರ್‌ಸಿಬಿಗೆ ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದಾಗ ಬಾರದ ಕಪ್ 2025ರಲ್ಲಿ ಬಂತು. ಹಾಗಾದರೆ ಸ್ಟಾರ್ ಆಟಗಾರರಿಂದ ಉಪಯೋಗ ಇಲ್ಲವೇ? ಸೀಸನ್‌ಗೆ ಮುಂಚೆ ಒಂದು ತಂಡವನ್ನು ಅಳೆಯುವುದು ಹೇಗೆ? ಈ ಸಲ ನಮ್ಮವರ ಕಥೆ ಏನು?
— ತಿಪಟೂರಿನ ಓದುಗರೊಬ್ಬರು

ಉತ್ತರ:

ಮೊದಲು ನಿಮ್ಮ ಮಾವನವರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಅವರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಉದ್ದಕ್ಕೆ ಎಳೆಯಲಿದ್ದೇನೆ. ಆದರೆ ಪೂರ್ತಿ ಅವರ ಪಕ್ಷ ವಹಿಸುವುದಿಲ್ಲ, ಕೊನೆಗೆ ನಿಮಗೂ ಸ್ವಲ್ಪ ಸಿಗುತ್ತದೆ.

ನಾನು ಬಹಳ ವರ್ಷ ಲೀಗ್ ಪಂದ್ಯಗಳಿಗೆ ಸ್ಕೋರ್ ಪುಸ್ತಕ ಬರೆದವನು. ಸ್ಕೋರರ್‌ಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಪುಸ್ತಕದ ಮೇಲಿನ ಅರ್ಧದಲ್ಲಿ ಬ್ಯಾಟಿಂಗ್ ಇರುತ್ತದೆ, ಎಲ್ಲರೂ ಬಂದು ಬಗ್ಗಿ ನೋಡುವುದು ಅದನ್ನೇ. ಕೆಳಗಿನ ಅರ್ಧದಲ್ಲಿ ಯಾವ ಓವರ್ ಯಾರು ಹಾಕಿದರು, ಎಷ್ಟು ಹೋಯಿತು ಎಂಬ ಪುಟ್ಟ ಪುಟ್ಟ ಚೌಕಗಳು ಇರುತ್ತವೆ. ಪಂದ್ಯ ಎಲ್ಲಿ ಕೈ ತಪ್ಪಿತು ಎಂದು ಗೊತ್ತಾಗುವುದು ಆ ಚೌಕಗಳಲ್ಲಿ. ಹಾಗಾಗಿ ತಂಡ ಅಳೆಯುವುದಕ್ಕೆ ನಾನು ಹೇಳುವ ದಾರಿಯೂ ಅದೇ. ಒಂದು ಹಾಳೆ ತೆಗೆದುಕೊಳ್ಳಿ. ಇಪ್ಪತ್ತು ಓವರ್‌ಗೆ ಇಪ್ಪತ್ತು ಚೌಕ ಬರೆಯಿರಿ. ಒಬ್ಬ ಬೌಲರ್‌ಗೆ ನಾಲ್ಕೇ ಓವರ್, ವಿದೇಶಿಯರು ಹನ್ನೊಂದರಲ್ಲಿ ನಾಲ್ವರೇ ಎಂಬ ಎರಡು ನಿಯಮ ನೆನಪಿಟ್ಟುಕೊಂಡು, ಪ್ರತಿ ಚೌಕದಲ್ಲೂ ಒಬ್ಬ ಬೌಲರ್ ಹೆಸರು ತುಂಬಿಸಿ. ಮೊದಲ ಆರು ಸಲೀಸಾಗಿ ತುಂಬುತ್ತವೆ. ಏಳರಿಂದ ಹದಿನೈದರವರೆಗೆ ಸ್ವಲ್ಪ ತಲೆ ಕೆರೆದುಕೊಳ್ಳುತ್ತೀರಿ. ಹದಿನಾರರಿಂದ ಇಪ್ಪತ್ತಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಯಾವ ತಂಡಕ್ಕೆ ಪೆನ್ನು ನಿಲ್ಲುವುದಿಲ್ಲವೋ ಆ ತಂಡ ಮೊದಲ ನಾಲ್ಕು ಸ್ಥಾನದವರು ಆಡುವ ಪ್ಲೇಆಫ್‌ಗೆ ಹೋಗುತ್ತದೆ ಎಂದುಕೊಳ್ಳಿ. ಹತ್ತರಲ್ಲಿ ಏಳು ಸಲ ಸರಿಹೋಗುತ್ತದೆ. ಇದು ನನ್ನ ಅಂದಾಜು, ಲೆಕ್ಕ ಹಾಕಿ ಹೇಳಿದ್ದಲ್ಲ.

ಈಗ ನಿಮ್ಮ ಎದೆ ಸುಡುವ ಉದಾಹರಣೆಗೇ ಬರೋಣ. 2016ರ ಮೇ 29, ಚಿನ್ನಸ್ವಾಮಿ, ಫೈನಲ್. ಆ ವರ್ಷ ಕೊಹ್ಲಿ ಒಬ್ಬರೇ 973 ರನ್ ಹೊಡೆದಿದ್ದರು, ನಾಲ್ಕು ಶತಕ. ಡಿವಿಲಿಯರ್ಸ್ 687. ಅಂಥ ಬ್ಯಾಟಿಂಗ್ ಸಾಲನ್ನು ಈ ಟೂರ್ನಿ ಅದಕ್ಕೆ ಮುಂಚೆ ಕಂಡಿರಲಿಲ್ಲ. ಸನ್‌ರೈಸರ್ಸ್ ಹೈದರಾಬಾದ್ 208 ಹೊಡೆಯಿತು. ಉತ್ತರವಾಗಿ ಗೇಲ್, ಕೊಹ್ಲಿ ಹತ್ತೂವರೆ ಓವರ್‌ಗೆ ವಿಕೆಟ್ ಬೀಳದಂತೆ 114. ಇನ್ನು 57 ಎಸೆತಕ್ಕೆ 95 ಸಾಕು, ಹತ್ತು ವಿಕೆಟ್ ಕೈಯಲ್ಲಿ. ಸ್ಟ್ಯಾಂಡಿನಲ್ಲಿದ್ದವರು ಆಗಲೇ ಮೆರವಣಿಗೆ ಯಾವ ರಸ್ತೆಯಲ್ಲಿ ಎಂದು ಮಾತಾಡಿಕೊಂಡಿರುತ್ತಾರೆ. ಕೊನೆಗೆ ಎಂಟು ರನ್ ಸೋಲು.

ಎಲ್ಲರೂ ಡಿವಿಲಿಯರ್ಸ್ ಬೇಗ ಔಟಾದದ್ದನ್ನೂ ಮಧ್ಯಮ ಕ್ರಮಾಂಕ ಕುಸಿದದ್ದನ್ನೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಕೆಳಗಿನ ಚೌಕ ನೋಡಿ. ಹೈದರಾಬಾದಿನ ಇನ್ನಿಂಗ್ಸ್‌ನ ಇಪ್ಪತ್ತನೇ ಓವರ್ ಹಾಕಿದ್ದು ಶೇನ್ ವಾಟ್ಸನ್, ಹೋದದ್ದು 24 ರನ್. ಅವರ ನಾಲ್ಕು ಓವರ್‌ಗೆ ಒಟ್ಟು 61. ಅತ್ತ ಕಡೆ ಒಬ್ಬ ಬೌಲರ್, ಎರಡೂ ತಂಡ ಸೇರಿ 408 ರನ್ ಹೊಡೆದ ಪಂದ್ಯದಲ್ಲಿ, ಅದೇ ಪಿಚ್‌ನಲ್ಲಿ, ಅದೇ ಪುಟ್ಟ ಬೌಂಡರಿಗಳ ನಡುವೆ, ನಾಲ್ಕು ಓವರ್‌ಗೆ 25 ಕೊಟ್ಟ. ಕೊನೆಯ ಓವರ್‌ನಲ್ಲಿ ನಮಗೆ 18 ಬೇಕಿತ್ತು, ಅವನು ಒಂಬತ್ತೇ ಕೊಟ್ಟ. ವಿಕೆಟ್ ಒಂದೂ ಇಲ್ಲ, ಹಾಗಾಗಿ ಮರುದಿನದ ಪತ್ರಿಕೆಯ ತಲೆಬರಹದಲ್ಲೂ ಇಲ್ಲ. ಅವನ ಹೆಸರು ಭುವನೇಶ್ವರ್ ಕುಮಾರ್.

ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ನಮ್ಮ ಕಡೆ ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ಹಿರಿಯರು ಏನು ಕೇಳುತ್ತಾರೆ? ಹೋಳಿಗೆ ಚೆನ್ನಾಗಿ ಮಾಡ್ತೀರಾ ಎಂದು ಕೇಳುವುದಿಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ‘ಕೊನೇ ಪಂಕ್ತಿಗೂ ಬಿಸಿ ಅನ್ನ ಸಿಗುತ್ತಾ?’ ಎಂದು ಕೇಳುತ್ತಾರೆ. ಆರ್‌ಸಿಬಿ ವರ್ಷಗಟ್ಟಲೆ ಹೋಳಿಗೆ ತಟ್ಟುವವರನ್ನೇ ಕರೆತಂದಿತು. 2011ರಲ್ಲಿ ಗೇಲ್ ಸೀಸನ್ ಮಧ್ಯೆ ಬದಲಿ ಆಟಗಾರನಾಗಿ ಬಂದು 608 ರನ್ ಹೊಡೆದು ಅತಿ ಹೆಚ್ಚು ರನ್ ಹೊಡೆದವರಿಗೆ ಕೊಡುವ ಆರೆಂಜ್ ಕ್ಯಾಪ್ ಗೆದ್ದರು. ಫೈನಲ್‌ನಲ್ಲಿ ಚೆನ್ನೈ 205 ಹೊಡೆಯಿತು, ಮೊದಲ ಓವರ್‌ನಲ್ಲೇ ಅಶ್ವಿನ್ ಗೇಲ್ ಅವರನ್ನು ಸೊನ್ನೆಗೆ ಕಳಿಸಿದರು, 58 ರನ್ ಸೋಲು. ಮರುವರ್ಷ ಗೇಲ್ ಅವರದೇ 733 ರನ್, ತಂಡ ಪ್ಲೇಆಫ್‌ಗೂ ಹೋಗಲಿಲ್ಲ. 2013ರಲ್ಲಿ ಪುಣೆ ವಾರಿಯರ್ಸ್ ಮೇಲೆ 66 ಎಸೆತಕ್ಕೆ 175, ಆ ವರ್ಷವೂ ಅದೇ ಕಥೆ. ಇಬ್ಬರು ಮೂವರ ಮೇಲೆ ಇಡೀ ಮನೆ ನಿಲ್ಲಿಸಿದರೆ ಒಂದು ಕಂಬ ಅಲುಗಿದ ದಿನ ಸೂರು ಕೆಳಗೆ ಬರುತ್ತದೆ.

ಇಲ್ಲಿ ಚಿನ್ನಸ್ವಾಮಿಯ ಪಾಲೂ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ, ಗಾಳಿ ತೆಳು, ಚೆಂಡು ಹಾರುತ್ತದೆ. ಬೌಂಡರಿ ಹತ್ತಿರ. 2024ರ ಏಪ್ರಿಲ್ 15ರಂದು ಹೈದರಾಬಾದ್ ಇಲ್ಲಿ 3 ವಿಕೆಟ್‌ಗೆ 287 ಹೊಡೆಯಿತು, ನಾವು 262 ಹೊಡೆದು ಸೋತೆವು. 262 ಹೊಡೆದು ಸೋಲುವ ಊರಿನಲ್ಲಿ ಇನ್ನೊಬ್ಬ ಬ್ಯಾಟರ್ ತಂದು ಏನು ಮಾಡುತ್ತೀರಿ? ಇಂಥ ಮೈದಾನದ ತಂಡಕ್ಕೆ ಬೌಲರ್‌ಗಳ ಮೇಲೆ ಹಣ ಸುರಿಯುವ ಬುದ್ಧಿ ಮೊದಲ ದಿನದಿಂದ ಇರಬೇಕಿತ್ತು. ಅದು ಬಂದದ್ದು ಹದಿನೇಳು ಸೀಸನ್ ಮುಗಿದ ಮೇಲೆ, 2024ರ ನವೆಂಬರ್‌ನ ಜೆಡ್ಡಾ ಆಟಗಾರರ ಹರಾಜಿನಲ್ಲಿ.

ಆ ಎರಡು ದಿನ ನೆನಪಿದೆಯಾ? ನಮ್ಮವರೆಲ್ಲ ಮೊಬೈಲಿನಲ್ಲಿ ಬೈದದ್ದೇ ಬೈದದ್ದು. ರಿಷಭ್ ಪಂತ್ 27 ಕೋಟಿಗೆ ಲಖನೌಗೆ ಹೋದರು, ಶ್ರೇಯಸ್ ಅಯ್ಯರ್ 26.75 ಕೋಟಿಗೆ ಪಂಜಾಬ್‌ಗೆ, ವೆಂಕಟೇಶ್ ಅಯ್ಯರ್ 23.75 ಕೋಟಿಗೆ ಕೋಲ್ಕತ್ತಾಗೆ. ನಮ್ಮ ಊರಿನ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ. ಆರ್‌ಸಿಬಿ ಮೇಜಿನ ಮೇಲೆ ಹಣ ಇಟ್ಟುಕೊಂಡು ಸುಮ್ಮನೆ ಕೂತಿತ್ತು. ನಾನೂ ಬೈದೆ, ಸುಳ್ಳು ಯಾಕೆ ಹೇಳಲಿ. ರಾಹುಲ್‌ಗೆ ಕೈ ಎತ್ತಿದವರು ಅಲ್ಲೇ ಯಾಕೆ ಇಳಿಸಿದರು ಎಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಅವರು ತಂದದ್ದು ಜೋಶ್ ಹೇಜಲ್‌ವುಡ್ 12.50 ಕೋಟಿ, ಫಿಲ್ ಸಾಲ್ಟ್ 11.50, ಜಿತೇಶ್ ಶರ್ಮ 11, ಭುವನೇಶ್ವರ್ ಕುಮಾರ್ 10.75, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ಸುಯಶ್ ಶರ್ಮ 2.60, ರೊಮಾರಿಯೊ ಶೆಫರ್ಡ್ 1.50. ಒಬ್ಬರ ಮೇಲೆ ಇಪ್ಪತ್ತೈದು ಕೋಟಿ ಸುರಿಯುವ ಬದಲು ಹನ್ನೊಂದು ಹನ್ನೆರಡು ಕೋಟಿಯವರನ್ನು ನಾಲ್ಕು ಜನ ತಂದರು.

ಈ ಪಟ್ಟಿಯನ್ನು ಇಪ್ಪತ್ತು ಚೌಕದಲ್ಲಿ ಹಾಕಿ ನೋಡಿ. ಹೊಸ ಚೆಂಡಿಗೆ ಭುವನೇಶ್ವರ್, ಜೊತೆಗೊಬ್ಬ ಎಡಗೈ ವೇಗಿ, ಮೊದಲ ಆರು ಓವರ್‌ನ ಪವರ್‌ಪ್ಲೇಯಲ್ಲೇ ಹೇಜಲ್‌ವುಡ್‌ಗೆ ಒಂದೆರಡು ಓವರ್. ಮಧ್ಯಕ್ಕೆ ಸುಯಶ್, ಕೃಣಾಲ್. ಕೊನೆಗೆ ಮತ್ತೆ ಭುವನೇಶ್ವರ್, ಹೇಜಲ್‌ವುಡ್. ಖಾಲಿ ಚೌಕ ಇಲ್ಲ.

2025ರ ಏಪ್ರಿಲ್ 24. ತವರಿನಲ್ಲಿ ಅದಕ್ಕೆ ಮುಂಚಿನ ಮೂರೂ ಪಂದ್ಯ ಸೋತಿದ್ದೆವು, ಗುಜರಾತ್, ಡೆಲ್ಲಿ, ಪಂಜಾಬ್. ಡೆಲ್ಲಿ ಪಂದ್ಯದಲ್ಲಂತೂ ರಾಹುಲ್ ಔಟಾಗದೆ 93 ಹೊಡೆದು ಇದು ನನ್ನ ಮೈದಾನ ಎಂದು ಬ್ಯಾಟಿನಿಂದ ನೆಲಕ್ಕೆ ಗೆರೆ ಎಳೆದು ಹೋಗಿದ್ದರು. ನಾಲ್ಕನೇ ಪಂದ್ಯ ರಾಜಸ್ಥಾನದ ಮೇಲೆ. ನಾವು 205. ರಾಜಸ್ಥಾನಕ್ಕೆ ಕೊನೆಯ 12 ಎಸೆತಕ್ಕೆ 18 ಬೇಕು. ಹಳೆಯ ಆರ್‌ಸಿಬಿ ಆಗಿದ್ದರೆ ಟಿವಿ ಆರಿಸಿ ಮಲಗುವ ಹೊತ್ತು ಅದು. ಹತ್ತೊಂಬತ್ತನೇ ಓವರ್ ಹೇಜಲ್‌ವುಡ್. ಒಂದು ರನ್, ಎರಡು ವಿಕೆಟ್. ಹನ್ನೊಂದು ರನ್ ಗೆಲುವು. ಆ ಪಂದ್ಯದಲ್ಲಿ ಕೊಹ್ಲಿಯ ಅರ್ಧಶತಕವೂ ಇತ್ತು, ಪಡಿಕ್ಕಲ್‌ದೂ ಇತ್ತು. ಆದರೆ ನನ್ನ ಮಟ್ಟಿಗೆ 2025ರ ಕಪ್ಪು ಬಂದದ್ದು ಆ ಒಂದು ಚೌಕದಲ್ಲಿ.

ಫೈನಲ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಜೂನ್ 3, ಅಹಮದಾಬಾದ್. ನಾವು 9 ವಿಕೆಟ್‌ಗೆ 190. ಒಬ್ಬನೂ ಅರ್ಧಶತಕ ಹೊಡೆಯಲಿಲ್ಲ. ಹೆಚ್ಚೆಂದರೆ ಕೊಹ್ಲಿಯ 43, ಅದಕ್ಕೂ 35 ಎಸೆತ. ಆ ನಿಧಾನದ ಬಗ್ಗೆ ಅಂದು ರಾತ್ರಿ ಹತ್ತು ಗಂಟೆಯವರೆಗೆ ಗೊಣಗಿದವರಲ್ಲಿ ನಾನೂ ಒಬ್ಬ. ಜಿತೇಶ್ ಹತ್ತು ಎಸೆತಕ್ಕೆ ಹೊಡೆದ 24 ಇಲ್ಲದಿದ್ದರೆ ಈ ಲೇಖನವನ್ನು ಬೇರೆ ತರಹ ಬರೆಯಬೇಕಾಗುತ್ತಿತ್ತು. ಆಮೇಲೆ ಕೃಣಾಲ್ ನಾಲ್ಕು ಓವರ್‌ಗೆ 17 ಕೊಟ್ಟು ಎರಡು ವಿಕೆಟ್. ವೇಗ ಬದಲಿಸುತ್ತಾ, ಒಮ್ಮೊಮ್ಮೆ ಸ್ಪಿನ್ನರ್ ಆಗಿದ್ದುಕೊಂಡೇ ಬೌನ್ಸರ್ ಹಾಕುತ್ತಾ, ಪಂಜಾಬ್ ಉಸಿರು ಹಿಡಿದರು. ಪಂದ್ಯಶ್ರೇಷ್ಠ ಅವರೇ. 2017ರಲ್ಲಿ ಮುಂಬೈ ಪರವಾಗಿ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಆಗಿದ್ದವರೂ ಅವರೇ. ಎರಡು ಫೈನಲ್‌ಗಳಲ್ಲಿ ಆ ಪ್ರಶಸ್ತಿ ಪಡೆದ ಮೊದಲಿಗ. 5.75 ಕೋಟಿ ಆಸಾಮಿ!

ಹದಿನೇಳನೇ ಓವರ್. ಪಂಜಾಬ್ ಇನ್ನೂ ಆಟದಲ್ಲಿತ್ತು. ಚೆಂಡು ತೆಗೆದುಕೊಂಡದ್ದು ಭುವನೇಶ್ವರ್. ನೇಹಲ್ ವಧೇರಾ ಹೋದರು, ಬಂದ ಸ್ಟಾಯ್ನಿಸ್ ಒಂದು ಸಿಕ್ಸರ್ ಹೊಡೆದು ಅದೇ ಓವರ್‌ನಲ್ಲಿ ಹಿಂದೆಯೇ ಹೋದರು. ಒಂಬತ್ತು ವರ್ಷದ ಹಿಂದೆ ಚಿನ್ನಸ್ವಾಮಿಯಲ್ಲಿ ನಮ್ಮ ಕಪ್ ಕಿತ್ತುಕೊಂಡವರು ಅಹಮದಾಬಾದಿನಲ್ಲಿ ನಮ್ಮ ಅಂಗಿ ಹಾಕಿಕೊಂಡು ಅದನ್ನು ವಾಪಸ್ ಕೊಟ್ಟರು ಎಂದು ನಾನು ಮನೆಯಲ್ಲಿ ಹೇಳಿದರೆ, ನನ್ನಾಕೆ ‘ಬಡ್ಡಿ ಕೊಟ್ಟರಾ?’ ಎಂದಳು. ಕೊನೆಯ ಓವರ್‌ಗೆ 29 ಬೇಕಿತ್ತು. ಹೇಜಲ್‌ವುಡ್ ಮೊದಲೆರಡು ಎಸೆತಕ್ಕೆ ರನ್ ಕೊಡಲಿಲ್ಲ. ಆಮೇಲೆ ಶಶಾಂಕ್ ಸಿಂಗ್ ಆರು, ನಾಲ್ಕು, ಆರು, ಆರು. ಆದರೂ ಆರು ರನ್ ಕಡಿಮೆ. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಮೇಲೆ ನಮ್ಮ ಮೊದಲ ಫೈನಲ್ ಸೋತದ್ದೂ ಆರೇ ರನ್ನಿನಿಂದ. ಅಂದು ಕುಂಬ್ಳೆ 16 ರನ್‌ಗೆ ನಾಲ್ಕು ವಿಕೆಟ್ ತೆಗೆದು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠ ಆಗಿದ್ದರು.

(ಮರುದಿನ, ಜೂನ್ 4ರಂದು, ಚಿನ್ನಸ್ವಾಮಿಯ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಆ ಕಪ್ಪಿನ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.)

ಬ್ಯಾಟಿಂಗ್ ಅಳೆಯುವುದಕ್ಕೂ ಹೀಗೇ ಒಂದು ದಾರಿ ಇದೆ, ಚಿಕ್ಕದಾಗಿ ಹೇಳುತ್ತೇನೆ. ಆರಂಭಿಕರು ಯಾರು ಎಂದು ನೋಡಬೇಡಿ, ಎಲ್ಲರ ಹತ್ತಿರವೂ ಒಳ್ಳೆಯ ಆರಂಭಿಕರಿದ್ದಾರೆ. ಹದಿನಾಲ್ಕನೇ ಓವರ್‌ನಲ್ಲಿ ನಾಲ್ಕನೇ ವಿಕೆಟ್ ಬಿದ್ದಾಗ ಮೆಟ್ಟಿಲು ಇಳಿದು ಬರುವವನು ಯಾರು? ಅವನ ಹಿಂದೆ ಯಾರು? 2025ರ ಕೊನೆಯ ಲೀಗ್ ಪಂದ್ಯದಲ್ಲಿ ಲಖನೌನಲ್ಲಿ ಪಂತ್ ಔಟಾಗದೆ 118 ಹೊಡೆದರು. ಇಡೀ ಸೀಸನ್ 27 ಕೋಟಿಯ ಭಾರದಲ್ಲಿ ಬಗ್ಗಿದ್ದ ಮನುಷ್ಯ, ಶತಕ ಹೊಡೆದು ಪಲ್ಟಿ ಹಾಕಿದರು. ತಂಡ 227. ನಮ್ಮ ಕಡೆಯಿಂದ ಆರನೇ ಕ್ರಮಾಂಕದಲ್ಲಿ ಬಂದ ಜಿತೇಶ್ 33 ಎಸೆತಕ್ಕೆ 85, ಇನ್ನೊಂದು ತುದಿಯಲ್ಲಿ ನಮ್ಮ ಮಯಂಕ್ ಅಗರ್‌ವಾಲ್, ಗಾಯಗೊಂಡ ಪಡಿಕ್ಕಲ್ ಬದಲಿಗೆ ಸೀಸನ್ ಮಧ್ಯೆ ಬಂದವರು, 41. ಎಂಟು ಎಸೆತ ಉಳಿದಿರುವಾಗಲೇ ಗೆಲುವು. ಚೆನ್ನೈ ಮೇಲೆ ಶೆಫರ್ಡ್ 14 ಎಸೆತಕ್ಕೆ 53 ಹೊಡೆದದ್ದು ಅದಕ್ಕೂ ಮುಂಚೆ, ಮೇ 3ರಂದು. ಆ ಪಂದ್ಯ ಗೆದ್ದದ್ದು ಎರಡು ರನ್ನಿನಿಂದ. ಒಂದೂವರೆ ಕೋಟಿಯವನ ಹದಿನಾಲ್ಕು ಎಸೆತ ತೆಗೆದುಬಿಡಿ, ಆ ಎರಡು ಅಂಕ ನಮ್ಮದಲ್ಲ.

ಹಾಗಾದರೆ ಸ್ಟಾರ್‌ಗಳು ಬೇಡವೇ ಎಂಬ ನಿಮ್ಮ ಪ್ರಶ್ನೆ. ಬೇಕು. ಇಲ್ಲಿ ನಾನು ನಿಮ್ಮ ಮಾವನವರ ಕೈ ಬಿಡುತ್ತೇನೆ. ಕೊಹ್ಲಿ 2025ರಲ್ಲಿ 657 ರನ್ ಹೊಡೆದರು. ಅವರು ಒಂದು ಕಡೆ ಇದ್ದಾರೆ ಎಂಬ ಧೈರ್ಯದ ಮೇಲೆಯೇ ಸಾಲ್ಟ್ ಮೊದಲ ಎಸೆತದಿಂದ ಬೀಸುತ್ತಿದ್ದದ್ದು, ನಾಯಕ ಪಾಟೀದಾರ್ ಬಂದ ತಕ್ಷಣ ಸ್ಪಿನ್ನರ್‌ಗಳನ್ನು ಎತ್ತುತ್ತಿದ್ದದ್ದು. ಹಳೆಯ ತಂಡಗಳಲ್ಲಿ ಕೊಹ್ಲಿ ಔಟಾದರೆ ಪಂದ್ಯ ಮುಗಿಯಿತು, ಹೊಸ ತಂಡದಲ್ಲಿ ಕೊಹ್ಲಿ ಔಟಾದರೆ ಪಂದ್ಯ ಮುಂದುವರಿಯಿತು. ಅಷ್ಟೇ ವ್ಯತ್ಯಾಸ, ಆದರೆ ಅದೇ ಎಲ್ಲ.

ಇನ್ನೊಂದು, ದುಬಾರಿ ಸ್ಟಾರ್ ಬೌಲರ್ ಆದರೆ ನನ್ನ ತಕರಾರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. 2024ರಲ್ಲಿ ಕೋಲ್ಕತ್ತಾ ಮಿಚೆಲ್ ಸ್ಟಾರ್ಕ್‌ಗೆ 24.75 ಕೋಟಿ ಕೊಟ್ಟಿತ್ತು. ಲೀಗ್ ಹಂತದಲ್ಲಿ ಸಿಕ್ಕಾಪಟ್ಟೆ ಹೊಡೆಸಿಕೊಂಡರು, ಒಂದು ಎಸೆತಕ್ಕೆ ಎಷ್ಟು ಲಕ್ಷ ಎಂದು ಜನ ಲೆಕ್ಕ ಹಾಕಿ ನಕ್ಕರು. ಕ್ವಾಲಿಫೈಯರ್ ಪಂದ್ಯಶ್ರೇಷ್ಠ ಅವರೇ, ಫೈನಲ್ ಪಂದ್ಯಶ್ರೇಷ್ಠ ಅವರೇ. ಹೈದರಾಬಾದ್ 113ಕ್ಕೆ ಆಲೌಟ್.

ಸ್ಟಾರ್ ಒಬ್ಬನೇ ಕಪ್ ಎತ್ತಿದ ಉದಾಹರಣೆಯೂ ಇದೆ, ಅದು ನನ್ನ ಚೌಕಗಳ ಮೇಲೆ ನೀರು ಎರಚುವಂಥದ್ದು. 2018ರ ಫೈನಲ್. ಚೆನ್ನೈ ತಂಡವನ್ನು ಎಲ್ಲರೂ ಅಜ್ಜಂದಿರ ತಂಡ ಎಂದು ಆಡಿಕೊಂಡಿದ್ದರು. ಮೊದಲ ಹತ್ತು ಎಸೆತಕ್ಕೆ ಒಂದೂ ರನ್ ಬಾರದ ಒಬ್ಬ ಆರಂಭಿಕ 57 ಎಸೆತಕ್ಕೆ 117 ಹೊಡೆದು, ಔಟಾಗದೆ, ಕಪ್ ಕೊಡಿಸಿಬಿಟ್ಟ. ಯಾರು? ಅದೇ ಶೇನ್ ವಾಟ್ಸನ್. ಎದುರಿಗೆ ಯಾರು? ಅದೇ ಹೈದರಾಬಾದ್. ಎರಡು ವರ್ಷದ ಹಿಂದೆ ನಾಲ್ಕು ಓವರ್‌ಗೆ 61 ಕೊಟ್ಟ ಸಾಲವನ್ನು ಬೇರೆ ಊರಿನ ಲೆಕ್ಕಕ್ಕೆ ತೀರಿಸಿದರು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ನಮ್ಮ ರಾಜ್ಯ ತಂಡದ ಒಂದು ಓವರ್ ಇಲ್ಲಿ ಹೇಳದೆ ಹೋದರೆ ಮನಸ್ಸಿಗೆ ಸಮಾಧಾನ ಇಲ್ಲ. 2019ರ ಡಿಸೆಂಬರ್ 1, ಸೂರತ್, ರಾಜ್ಯ ತಂಡಗಳ ಟಿ20 ಟೂರ್ನಿಯಾದ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಫೈನಲ್, ಎದುರಾಳಿ ತಮಿಳುನಾಡು. ನಾವು 180. ಕೊನೆಯ ಓವರ್‌ಗೆ ಅವರಿಗೆ 13 ಬೇಕು. ನಾಯಕ ಮನೀಶ್ ಪಾಂಡೆ ಚೆಂಡು ಕೊಟ್ಟದ್ದು ಆಫ್‌ಸ್ಪಿನ್ನರ್ ಕೆ. ಗೌತಮ್ ಕೈಗೆ. ಮೊದಲೆರಡು ಎಸೆತವನ್ನೂ ಅಶ್ವಿನ್ ಬೌಂಡರಿಗೆ ಅಟ್ಟಿದರು. ನಾಲ್ಕು ಎಸೆತಕ್ಕೆ ಐದು. ಅಲ್ಲಿಂದ ಗೌತಮ್ ಪಂದ್ಯ ತಿರುಗಿಸಿ ಒಂದು ರನ್ನಿನಿಂದ ಗೆಲ್ಲಿಸಿದರು. ಅದಕ್ಕೆ ಎರಡು ದಿನ ಮುಂಚೆ ಸೆಮಿಫೈನಲ್‌ನಲ್ಲಿ ಅಭಿಮನ್ಯು ಮಿಥುನ್ ಹರಿಯಾಣದ ಮೇಲೆ ಒಂದೇ ಓವರ್‌ನಲ್ಲಿ ಐದು ವಿಕೆಟ್ ತೆಗೆದಿದ್ದರು. ಹಳ್ಳಿಯ ಟೆನಿಸ್ ಬಾಲ್ ಟೂರ್ನಮೆಂಟ್‌ನಲ್ಲೂ ಬುದ್ಧಿವಂತ ಕ್ಯಾಪ್ಟನ್ ಒಳ್ಳೆ ಬೌಲರ್‌ನ ಒಂದು ಓವರ್ ಬಚ್ಚಿಟ್ಟುಕೊಂಡಿರುತ್ತಾನೆ, ನೋಡಿರುತ್ತೀರಿ. ನಿಮ್ಮ ಊರಿನ ಮೈದಾನದ ಹುಡುಗರಿಗೆ ಗೊತ್ತಿದ್ದದ್ದು ಕೋಟಿಗಟ್ಟಲೆ ಸುರಿಯುವವರಿಗೆ ತಡವಾಗಿ ಗೊತ್ತಾಯಿತು.

ಈಗ 2026ರ ಸೀಸನ್. 2025ರ ಡಿಸೆಂಬರ್ 16ರಂದು ಅಬುಧಾಬಿಯಲ್ಲಿ ಸಣ್ಣ ಹರಾಜು ನಡೆಯಿತು. ಕೋಲ್ಕತ್ತಾ ಕ್ಯಾಮರೂನ್ ಗ್ರೀನ್‌ಗೆ 25.20 ಕೋಟಿ ಕೂಗಿತು. ಸಣ್ಣ ಹರಾಜಿನಲ್ಲಿ ವಿದೇಶಿ ಆಟಗಾರನ ಕೈಗೆ 18 ಕೋಟಿಗಿಂತ ಹೆಚ್ಚು ಹೋಗುವಂತಿಲ್ಲ, ಮಿಕ್ಕದ್ದು ಕ್ರಿಕೆಟ್ ಮಂಡಳಿಗೆ. ಪತಿರಾಣಗೆ 18 ಕೋಟಿ ಕೊಟ್ಟದ್ದೂ ಅವರೇ. ಎರಡನೆಯದನ್ನು ನಾನು ಮೆಚ್ಚಿದೆ, ಕೊನೆಯ ಚೌಕ ತುಂಬಿತು. ಚೆನ್ನೈ ಜಡೇಜಾ ಮತ್ತು ಸ್ಯಾಮ್ ಕರನ್ ಅವರನ್ನು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್ ಅವರನ್ನು ತಂದಿತು, ಜೊತೆಗೆ ಭಾರತಕ್ಕೆ ಇನ್ನೂ ಆಡದ ಪ್ರಶಾಂತ್ ವೀರ್, ಕಾರ್ತಿಕ್ ಶರ್ಮ ಇಬ್ಬರಿಗೆ ತಲಾ 14.20 ಕೋಟಿ. ಮುದುಕರನ್ನು ನಂಬುತ್ತಿದ್ದ ತಂಡ ಹುಡುಗರ ಮೇಲೆ ಪಣ ಕಟ್ಟಿದೆ, ನೋಡಲು ಕುತೂಹಲವಿದೆ. ಆದರೆ ಜಡೇಜಾ ಹಾಕುತ್ತಿದ್ದ ಮಧ್ಯದ ಓವರ್‌ಗಳನ್ನು ಹುಡುಗನೊಬ್ಬ ಮೊದಲ ಸೀಸನ್‌ನಲ್ಲೇ ಹಾಕಿಬಿಡುತ್ತಾನೆ ಎಂದು ನಾನು ನಂಬಲಾರೆ.

ಹೈದರಾಬಾದ್ ನಮ್ಮ ಹಳೆಯ ರೋಗವನ್ನೇ ಅಂಟಿಸಿಕೊಂಡಿದೆ. ಹೆಡ್, ಅಭಿಷೇಕ್, ಇಶಾನ್, ಕ್ಲಾಸನ್ ಇದ್ದೂ ಲಿವಿಂಗ್‌ಸ್ಟನ್‌ಗೆ 13 ಕೋಟಿ. ಶಮಿಯನ್ನು ಲಖನೌಗೆ ಬಿಟ್ಟುಕೊಟ್ಟಿದ್ದಾರೆ. ಹೋಳಿಗೆ ಮೇಲೆ ಹೋಳಿಗೆ. ಒಂದೆರಡು ರಾತ್ರಿ 270 ಹೊಡೆಯುತ್ತಾರೆ, ಆ ರಾತ್ರಿ ನಮ್ಮ ಪಂದ್ಯ ಆಗಿರದಿದ್ದರೆ ಸಾಕು. ಗುಜರಾತ್ ಇದಕ್ಕೆ ತದ್ವಿರುದ್ಧ. 2025ರಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದವರ ಪರ್ಪಲ್ ಕ್ಯಾಪ್ 25 ವಿಕೆಟ್‌ನ ನಮ್ಮ ಪ್ರಸಿದ್ಧ್ ಕೃಷ್ಣಂದು, ಜೊತೆಗೆ ಸಿರಾಜ್, ರಬಾಡ, ರಶೀದ್. ಆದರೆ ರನ್ ಬಹುಪಾಲು ಸುದರ್ಶನ್ 759, ಗಿಲ್ 650, ಬಟ್ಲರ್ 538, ಈ ಮೂವರದೇ. ಬಟ್ಲರ್ ದೇಶದ ಪಂದ್ಯಕ್ಕೆಂದು ಪ್ಲೇಆಫ್‌ಗೆ ಮುಂಚೆ ಮನೆಗೆ ಹೋದರು, ಎಲಿಮಿನೇಟರ್‌ನಲ್ಲಿ ಮುಂಬೈ ಕೈಯಲ್ಲಿ ಸೋತರು. ವಿದೇಶಿ ಸ್ಟಾರ್ ಹೆಸರು ಬರೆಯುವಾಗ ‘ಕೊನೇ ವಾರ ಇರ್ತಾನಾ?’ ಎಂದು ಪಕ್ಕದಲ್ಲೊಂದು ಪ್ರಶ್ನೆ ಹಾಕಿಕೊಳ್ಳಿ.

ನನಗೆ ನಿಜವಾಗಿ ಭಯ ಇರುವುದು ಮುಂಬೈ ಬಗ್ಗೆ. ಬುಮ್ರಾ, ಬೋಲ್ಟ್, ಹಾರ್ದಿಕ್, ಸ್ಯಾಂಟ್ನರ್. ಇಪ್ಪತ್ತು ಚೌಕ ಎರಡು ನಿಮಿಷದಲ್ಲಿ ತುಂಬುತ್ತವೆ. ಪಂಜಾಬ್ ಕೂಡ ಶ್ರೇಯಸ್, ಅರ್ಷದೀಪ್, ಚಾಹಲ್, ಯಾನ್ಸೆನ್ ಬಳಗವನ್ನು ಕೆಡಿಸಿಕೊಂಡಿಲ್ಲ. ನಮ್ಮ ವೈಶಾಖ್ ವಿಜಯ್‌ಕುಮಾರ್ 2025ರ ಅವರ ಮೊದಲ ಪಂದ್ಯದಲ್ಲಿ ಇಂಪ್ಯಾಕ್ಟ್ ಪ್ಲೇಯರ್ (ಪಂದ್ಯದ ಮಧ್ಯೆ ಇಳಿಸಬಹುದಾದ ಬದಲಿ ಆಟಗಾರ) ಆಗಿ ಬಂದು ಹೊರಗಿನ ಯಾರ್ಕರ್‌ಗಳಿಂದಲೇ ಗುಜರಾತ್ ಓಟಕ್ಕೆ ತಡೆ ಹಾಕಿದ್ದು ನೆನಪಿರಬಹುದು. ಡೆಲ್ಲಿ ಹೋದ ಸಲ ಮೊದಲ ನಾಲ್ಕೂ ಗೆದ್ದು ಪ್ಲೇಆಫ್ ತಪ್ಪಿಸಿಕೊಂಡಿತು, ರಾಹುಲ್ ಇದ್ದಾರೆಂದು ನಾವು ಅವರನ್ನು ಸ್ವಲ್ಪ ಹೆಚ್ಚೇ ತೂಗುತ್ತೇವೆ.

ಇನ್ನು ನಮ್ಮವರು. ಮುಖ್ಯ ಬಳಗ ಹಾಗೇ ಇದೆ. ಸೇರಿದವರಲ್ಲಿ ವೆಂಕಟೇಶ್ ಅಯ್ಯರ್, 7 ಕೋಟಿಗೆ. ಹಿಂದಿನ ಹರಾಜಿನಲ್ಲಿ 23.75 ಕೋಟಿ ಆಗಿದ್ದವರು, ಆಟಗಾರ ಅವರೇ, ಒಂದು ವರ್ಷದ ಅಂತರ. ಹರಾಜಿನ ಬೆಲೆ ಎಂದರೆ ಏನು ಎಂದು ನಿಮ್ಮ ತಮ್ಮನಿಗೆ ತಿಳಿಸಲು ಇಷ್ಟು ಸಾಕು. ಮಧ್ಯಪ್ರದೇಶದ ಎಡಗೈ ವೇಗಿ ಮಂಗೇಶ್ ಯಾದವ್‌ಗೆ 5.20 ಕೋಟಿ, ನ್ಯೂಜಿಲೆಂಡಿನ ಜೇಕಬ್ ಡಫಿಗೆ 2 ಕೋಟಿ. ಈ ಎರಡು ಖರೀದಿ ನೋಡಿದರೆ ಮ್ಯಾನೇಜ್‌ಮೆಂಟ್‌ನವರು ನಾನು ಚಿಂತೆ ಮಾಡಿದ್ದನ್ನೇ ಚಿಂತೆ ಮಾಡಿದ್ದಾರೆ ಅನ್ನಿಸುತ್ತದೆ. ಹೇಜಲ್‌ವುಡ್ ಗಾಯದಿಂದ ಇಂಗ್ಲೆಂಡ್ ಮೇಲಿನ 2025-26ರ ಆ್ಯಶಸ್ ಸರಣಿಯ ಒಂದು ಟೆಸ್ಟನ್ನೂ ಆಡಲಿಲ್ಲ. ಭುವನೇಶ್ವರ್‌ಗೆ 36 ತುಂಬಿದೆ. ಕೊಹ್ಲಿಗೆ 37, ಅವರೀಗ ಭಾರತಕ್ಕೆ ಆಡುವುದು ಏಕದಿನ ಮಾತ್ರ, ಆದರೆ ಅವರ ಬಗ್ಗೆ ನನಗೆ ಯೋಚನೆಯಿಲ್ಲ, ಆ ಮನುಷ್ಯನ ಹಸಿವು ಇನ್ನೂ ಇಂಗಿಲ್ಲ.

ಪಂದ್ಯ ತವರಿನಲ್ಲೋ ಹೊರಗೋ ಎಂಬುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. 2025ರ ಲೀಗ್‌ನಲ್ಲಿ ನಾವು ಹೊರಗಿನ ಏಳಕ್ಕೆ ಏಳೂ ಪಂದ್ಯ ಗೆದ್ದೆವು. ನಮ್ಮ ಬೌಲಿಂಗ್‌ಗೆ ದೊಡ್ಡ ಮೈದಾನ ಸಿಕ್ಕಷ್ಟೂ ಒಳ್ಳೆಯದು.

ಆದ್ದರಿಂದ ಕಪ್ ಉಳಿಯುತ್ತಾ ಎಂದು ಕೇಳಿದರೆ, ಪ್ಲೇಆಫ್‌ವರೆಗೆ ನಾನು ಧೈರ್ಯವಾಗಿ ಹೇಳುತ್ತೇನೆ. ಅದರಾಚೆ ಎಲ್ಲ ಒಂದು ರಾತ್ರಿಯ ಮಾತು. ನನ್ನ ಹಾಳೆಯಲ್ಲಿ ಆರ್‌ಸಿಬಿಯ ಹತ್ತೊಂಬತ್ತು ಚೌಕ ಪೆನ್ನಿನಲ್ಲಿ ತುಂಬಿವೆ. ಹತ್ತೊಂಬತ್ತನೇ ಓವರ್‌ನ ಚೌಕ ಒಂದು ಬಾಕಿ. ಹೇಜಲ್‌ವುಡ್ ಮೈದಾನಕ್ಕೆ ಇಳಿಯುವವರೆಗೆ ಅಲ್ಲಿ ಭುವನೇಶ್ವರ್ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ನಿಮ್ಮ ಮಾವನವರು ಅಲ್ಲಿ ಯಾರ ಹೆಸರು ಬರೆಯುತ್ತಾರೆ, ಕೇಳಿ ತಿಳಿಸಿ.